ಕಳಿಸುವುದಕ್ಕೆಂದೇ ಕಲಿಸಿದ್ದು

ಜೂನ್ ೧೪, ಭಾನುವಾರ

ಇನಾಸ್ ಫೋನ್ ಮಾಡಿದ್ದ. ಹಡಗು ಬಾರ್ಸಿಲೋನಾದಲ್ಲಿ ನಿಂತಿದೆಯಂತೆ. ಹಿಂದೆ ಯಾರೋ ನಗುತ್ತಿದ್ದರು, ಇನ್ನಾರೋ ಫೋನಿಗಾಗಿ ಕಾಯುತ್ತಿದ್ದರು. ಅವನ ದನಿ ಒಮ್ಮೆ ಹತ್ತಿರ, ಒಮ್ಮೆ ದೂರ. ನಾನು ಕಿವಿಗೆ ಎಷ್ಟು ಒತ್ತಿ ಹಿಡಿದಿದ್ದೆನೆಂದರೆ ಈಗಲೂ ಕಿವಿ ನೋಯುತ್ತಿದೆ.

ಪೋರ್ಚುಗೀಸ್ ಪಾಸ್‌ಪೋರ್ಟಿನ ಕೆಲಸ ಆಯಿತಂತೆ. ಕ್ರಿಸ್ಮಸ್ಸಿಗೆ ಹಡಗು ಬಿಟ್ಟು ಬರುತ್ತಾನೆ. ಆಮೇಲೆ ಇಂಗ್ಲೆಂಡಿಗೆ, ಅವನ ಅಣ್ಣ ಇರುವಲ್ಲಿಗೆ. ಈ ಸಲ ಒಬ್ಬನೇ ಅಲ್ಲ. "ನೀನೂ ಬಾ ಕ್ಲಾವ್ದಿನ್. ಸಾಕು ಈ ಫೋನಿನ ಸಂಸಾರ" ಎಂದ. ಮದುವೆಯಾದಾಗಿನಿಂದ ಈ ಮಾತಿಗೆ ಕಾದಿದ್ದೆ. ಕೇಳಿದಾಗ ಮಾತ್ರ ಮಗನ ಕಡೆ ನೋಡಿದೆ. ಝೆಫು ಪಕ್ಕದಲ್ಲಿ ನೆಲದ ಮೇಲೆ ಕೂತು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ. "ಮಗು?" ಎಂದೆ.

"ಅಲ್ಲಿ ಒಂದೇ ಕೋಣೆ. ಇಬ್ಬರೂ ದುಡೀಬೇಕು. ಅಣ್ಣ ಬೆಟ್ಟದ ಮೇಲಿನ ಆಶ್ರಮದ ಸಿಸ್ಟರುಗಳ ಹತ್ತಿರ ಮಾತಾಡಿದಾನೆ. ಅವರು ಇಟ್ಕೋತಾರೆ. ಆದ್ರೆ ಕಕ್ಕಸಿಗೆ ತಾನೇ ಹೋಗೋ ಮಕ್ಕಳನ್ನ ಮಾತ್ರ. ಅಷ್ಟೊಂದು ಕಲಿಸಿಬಿಡು."

ಅಷ್ಟೊಂದು. ಝೆಫುವಿಗೆ ಎಂಟು ವರ್ಷ ತುಂಬಿತು. ಮಾತಿಲ್ಲ. ಹಗಲೂ ಡಯಾಪರು. ಅಷ್ಟೊಂದು ಕಲಿಸಿದರೆ ನನಗೆ ಇನಾಸ್ ಸಿಗುತ್ತಾನೆ.

ನಾಳೆಯಿಂದಲೇ ಶುರು.

ಜೂನ್ ೧೬, ಮಂಗಳವಾರ

ಝೆಫುವನ್ನು ಕರೆದುಕೊಂಡು ಮಡಗಾಂವಿಗೆ ಹೋದೆ, ಅವನಂಥ ಮಕ್ಕಳ ಶಾಲೆಗೆ. ಹೋದ ವರ್ಷ ಸ್ವಲ್ಪ ದಿನ ಕಳಿಸಿ ನಿಲ್ಲಿಸಿದ್ದೆ. ಶಲಾಕಾ ಟೀಚರು ಅದರ ಬಗ್ಗೆ ಏನೂ ಕೇಳಲಿಲ್ಲ. ಝೆಫುವಿನ ಮುಂದೆ ನೆಲದಲ್ಲೇ ಕೂತು, ಅವನು ಮುಚ್ಚಳ ತಿರುಗಿಸುವುದನ್ನು ತಾವೂ ನೋಡಿದರು. ನಾನು ಬಂದ ಕಾರಣ ಹೇಳಿದೆ. ಎಲ್ಲವನ್ನೂ ಅಲ್ಲ.

"ಡಿಸೆಂಬರ್ ಒಳಗೆ ಕಲೀಬೇಕು" ಎಂದೆ.

"ಅವನಿಗೆ ಡಿಸೆಂಬರ್ ಅಂದ್ರೇನು ಗೊತ್ತಾ?" ಎಂದು ನಕ್ಕರು. ಆಮೇಲೆ ಹೇಳಿಕೊಟ್ಟರು. ಹಗಲು ಡಯಾಪರು ಬಿಚ್ಚಿಬಿಡಿ. ಒದ್ದೆಯಾಗುವುದು ಏನೆಂದು ಅವನ ಮೈಗೆ ಮೊದಲು ಗೊತ್ತಾಗಲಿ. ಉಂಡ ಮೇಲೆ ಕೂರಿಸಿ. ಕಾಲು ಗಾಳಿಯಲ್ಲಿ ನೇತಾಡಬಾರದು, ಕೆಳಗೆ ಮಣೆ ಇಡಿ. ಕೂತಲ್ಲೇ ಆಯಿತೆಂದರೆ ತಕ್ಷಣ ಅವನ ಇಷ್ಟದ್ದು ಕೊಡಿ, ಆಗದಿದ್ದರೆ ಸುಮ್ಮನೆ ಒರೆಸಿ. ಬೈಯಬೇಡಿ, ಮುಖ ಸಿಂಡರಿಸಬೇಡಿ.

"ಮುಖಾನೂ ಸಿಂಡರಿಸಬಾರದಾ?"

"ಅದನ್ನೇ ಅವನು ಮೊದಲು ಓದೋದು."

ಇನ್ನೊಂದು ವಿಚಿತ್ರ ಹೇಳಿದರು. ಚಡ್ಡಿ ಹಾಕಿಕೊಳ್ಳುವುದನ್ನು ಮೊದಲಿಂದಲ್ಲ, ಕೊನೆಯಿಂದ ಕಲಿಸಬೇಕಂತೆ. ಎಲ್ಲ ನಾನೇ ಹಾಕಿ, ಸೊಂಟದ ಹತ್ತಿರ ಒಂದು ಎಳೆತ ಮಾತ್ರ ಅವನಿಗೆ ಬಿಡಬೇಕು. ಅದು ಬಂದ ಮೇಲೆ ತೊಡೆಯಿಂದ. ಆಮೇಲೆ ಮಂಡಿಯಿಂದ. "ಪ್ರತಿ ಸಲ ಕೆಲಸ ಮುಗಿಸಿದವನು ಅವನೇ ಆಗಿರ್ತಾನೆ, ನೋಡಿ" ಎಂದರು.

ಬಸ್ಸಿನಲ್ಲಿ ಬರುವಾಗ ಇಂಗ್ಲೆಂಡಿನ ಆ ಒಂದು ಕೋಣೆಯನ್ನು ಯೋಚಿಸುತ್ತಿದ್ದೆ. ಕಿಟಕಿ ಯಾವ ಕಡೆ ಇರಬಹುದು. ಪರದೆ ಇಲ್ಲದಿದ್ದರೆ ಇಲ್ಲಿಂದಲೇ ಹೊಲಿದುಕೊಂಡು ಹೋಗಬೇಕು.

ಜೂನ್ ೧೯, ಶುಕ್ರವಾರ

ಸೋಫಾ. ಅತ್ತೆ, ನಮ್ಮ ಮಾಂಯ್, ಪ್ರಾರ್ಥನೆಗೆ ಕೂರುವ ಚಾಪೆ. ಹೊಲಿಗೆ ಯಂತ್ರದ ಕೆಳಗೆ. ಬಾಗಿಲ ಬಳಿ. ಬೆಳಗ್ಗೆಯಿಂದ ಬಗ್ಗಿದ ಸೊಂಟ ಎತ್ತಿಲ್ಲ.

ಕಮೋಡಿನ ಮೇಲೆ ಕೂರಿಸಿದರೆ ಕಿರುಚುತ್ತಾನೆ. ಎದ್ದು ಬಂದು ಅದರ ಪಕ್ಕದಲ್ಲೇ ನಿಂತು ಉಚ್ಚೆ ಹೊಯ್ಯುತ್ತಾನೆ.

ಮಾಂಯ್ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಮೀನು ಹೆರೆಯುತ್ತ ನೋಡುತ್ತಿದ್ದರು. "ನಮ್ಮ ಕಾಲದಲ್ಲಿ ಕಕ್ಕಸಿನ ಕೆಳಗೆ ಹಂದಿ ಕಾಯ್ತಾ ಇರ್ತಿತ್ತು ಬಾಯ್. ಅದು ಮೂತಿ ಎತ್ತೋ ಮೊದಲೇ ಎದ್ದು ಓಡಬೇಕು. ನಮಗ್ಯಾರು ಟೀಚರಿದ್ರು?"

"ಹಂದಿ ತರಿಸ್ಲಾ ಮಾಂಯ್?"

"ತರಿಸು. ಕ್ರಿಸ್ಮಸ್ಸಿಗಾದ್ರೂ ಆಗತ್ತೆ."

ನಗು ಬಂತು. ನಗುತ್ತಿರುವಾಗಲೇ ಮತ್ತೆ ಒದ್ದೆ ಮಾಡಿದ.

ಜೂನ್ ೨೪, ಬುಧವಾರ

ಸಾಂ ಜುವಾಂವ್, ಗಂಡಸರು ಬಾವಿಗೆ ಧುಮುಕುವ ಹಬ್ಬ. ಬೆಳಗ್ಗೆಯಿಂದ ಮಳೆ. ಮಧ್ಯಾಹ್ನ ಊರಿನ ಗಂಡಸರು ತಲೆಗೆ ಬಳ್ಳಿಯ ಕಿರೀಟ ಕಟ್ಟಿಕೊಂಡು, ಘುಮಟೆ ಬಾರಿಸುತ್ತ, ಬಾವಿಯಿಂದ ಬಾವಿಗೆ ಹಾರುತ್ತ ನಮ್ಮ ಮನೆಗೂ ಬಂದರು. ಮದುವೆಯಾದ ಮೊದಲ ವರ್ಷ ಇನಾಸ್ ನಮ್ಮ ತವರಿನ ಬಾವಿಗೆ ಹಾರಿದ್ದ. ಮೇಲೆ ಬಂದಾಗ ಕಿರೀಟದ ಎಲೆಗಳೆಲ್ಲ ಅವನ ಹುಬ್ಬಿಗೆ ಅಂಟಿಕೊಂಡಿದ್ದವು. ನನ್ನ ಅಪ್ಪ ಅವನ ಕೈಗೆ ಫೆನಿಯ ಬಾಟಲಿ ಕೊಟ್ಟರು. ಅವನು ಎಲ್ಲರ ಎದುರಿಗೇ, ಹಾಗೆ ನೀರು ಸುರಿಸುತ್ತಲೇ, ನನ್ನ ಭುಜದ ಮೇಲೆ ಕೈ ಹಾಕಿದ. ಆ ತಣ್ಣನೆಯ ಕೈ ಇವತ್ತೂ ಅಲ್ಲೇ ಇದ್ದಂತಿದೆ.

ಗಂಡಸರು ಅಂಗಳದಲ್ಲಿ ಹಾಡುತ್ತಿದ್ದಾಗ ಝೆಫು ಘುಮಟೆಯ ಸದ್ದಿಗೆ ಹೊರಗೆ ಓಡಿ ಬಂದ. ಅಲ್ಲೇ ನಿಂತು ಎರಡಕ್ಕೆ ಮಾಡಿಕೊಂಡ, ಚಡ್ಡಿಯಲ್ಲಿ. ಹಾಡು ನಿಂತಿತು. ಒಬ್ಬ ಮೂಗು ಮುಚ್ಚಿಕೊಂಡು ಆ ಕಡೆ ತಿರುಗಿದ. ಕುಡಿದವನಾದರೂ ಪಾಪ, ನಾಚಿಕೆಪಟ್ಟವನಂತೆ ಮತ್ತೆ ಕೈ ಇಳಿಸಿದ. ನಾನು ಝೆಫುವನ್ನು ಬಾವಿಕಟ್ಟೆಗೆ ಕರೆದೊಯ್ದು ತೊಳೆದೆ. ಬೈಯಲಿಲ್ಲ. ಮುಖ ಮಾತ್ರ ಹೇಗಿತ್ತೋ ಗೊತ್ತಿಲ್ಲ, ಮಳೆಯಿತ್ತು.

ಇನಾಸ್, ನೀನಿದ್ದಿದ್ದರೆ ಅವರ ಜೊತೆ ಹಾಡುತ್ತಿದ್ದೆಯೋ, ನನ್ನ ಜೊತೆ ತೊಳೆಯುತ್ತಿದ್ದೆಯೋ?

ಜುಲೈ ೩, ಶುಕ್ರವಾರ

ಫ್ಲಶ್ಶಿನ ಸದ್ದಿಗೇ ಅವನು ಹೆದರುವುದು. ಇಷ್ಟು ದಿನ ನಾನು ಅದನ್ನು ಹಟ ಎಂದುಕೊಂಡಿದ್ದೆ. ಶಲಾಕಾ ಟೀಚರು, "ಸರಪಳಿ ಮುಟ್ಟಲೇಬೇಡಿ. ಚೆಂಬು ಅವನ ಕೈಗೆ ಕೊಡಿ" ಎಂದಿದ್ದರು. ಕೊಟ್ಟೆ. ನೀರು ಸುರಿದ. ಮತ್ತೆ ಸುರಿದ. ಬಕೆಟ್ಟು ಖಾಲಿಯಾಗುವವರೆಗೆ ಸುರಿದು, ನೀರು ಸುತ್ತಿಕೊಂಡು ಒಳಗೆ ಹೋಗುವುದನ್ನು ಬಗ್ಗಿ ನೋಡಿದ. ಅವನು ಆ ಕೋಣೆಯಲ್ಲಿ ಕಿರುಚದೆ ನಿಂತದ್ದು ಇದೇ ಮೊದಲು.

ಮಾಂಯ್ ತೆಂಗಿನಕಾಯಿ ತುರಿಯುವ ಹಳೆಯ ಮಣೆಯ ಹಲ್ಲು ಕೀಳಿಸಿ ತಂದು ಅವನ ಕಾಲಡಿಗೆ ಇಟ್ಟರು.

ಜುಲೈ ೧೨, ಭಾನುವಾರ

ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ಓಡಿ ಬಂದು ಫೋನಿನ ಪಕ್ಕ ಕೂತೆ. ಊಟದ ಹೊತ್ತಿಗೆ ಬಂತು.

"ಕಲಿತನಾ?"

"ಈಗ ಶುರು ಮಾಡಿದೀನಿ."

"ಹೂಂ" ಎಂದ. "ಕ್ಲಾವ್ದಿನ್, ಹೋದ ಸಲ ಬಂದಾಗ ನಾನು ಅವನನ್ನ ಮುಟ್ಟಲಿಲ್ಲ ಅಂತ ನಿನಗೆ ಬೇಜಾರಿದೆ. ಗೊತ್ತು ನನಗೆ. ಇಲ್ಲಿ ಬೆಳಗ್ಗೆಯಿಂದ ಸಾಯಂಕಾಲದ ತನಕ ಕಂಡವರ ಬಾತ್‌ರೂಮು ಉಜ್ಜೋದೇ ನನ್ನ ಕೆಲಸ. ಒಬ್ಬೊಬ್ಬರು ಹೇಗೆ ಬಿಟ್ಟು ಹೋಗಿರ್ತಾರೆ ಅಂದ್ರೆ... ಉಜ್ಜೋವಾಗೆಲ್ಲ ಮನೆ ನೆನಸ್ಕೋತೀನಿ. ಮನೆಗೆ ಬಂದ್ರೆ ಅಲ್ಲೂ ಅದೇ. ಕೈ ಬರಲ್ಲ ನನಗೆ."

ನನಗೆ ಅರ್ಥವಾಗುತ್ತದೆ ಎಂದೆ. ಅರ್ಥವಾಗುತ್ತದೆ ಕೂಡ. ಫೋನಿಟ್ಟ ಮೇಲೆ ಅವನ ಕೈಗಳನ್ನೇ ಯೋಚಿಸುತ್ತಿದ್ದೆ. ಮದುವೆಯಲ್ಲಿ ಎಷ್ಟು ಮೃದುವಾಗಿದ್ದವು. ಹೋದ ಸಲ ಬಂದಾಗ ಬೆರಳ ಸಂದಿಗಳು ಯಾವುದೋ ಮದ್ದಿನಿಂದ ಸುಲಿದು ಹೋಗಿದ್ದವು. ನಾನು ಅವಕ್ಕೆ ಎಣ್ಣೆ ಹಚ್ಚುತ್ತಿದ್ದೆ. ಈಗ ಯಾರು ಹಚ್ಚುತ್ತಾರೆ?

ಜುಲೈ ೨೩, ಗುರುವಾರ

ಕಮೋಡಿನಲ್ಲೇ ಮಾಡಿದ. ಒಂದಕ್ಕೆ. ಸದ್ದು ಕೇಳಿಸಿತು.

ಕಡಲೆ ಮಿಠಾಯಿ ಕೈಗಿಟ್ಟೆ. ತಿನ್ನುತ್ತ ತನ್ನಷ್ಟಕ್ಕೆ ತೂಗಾಡಿದ. ನಾನೂ ಮಣೆಯ ಪಕ್ಕ ನೆಲದಲ್ಲಿ ಕೂತು ಒಂದು ತುಂಡು ತಿಂದೆ.

ಆಗಸ್ಟ್ ೧೧, ಮಂಗಳವಾರ

ಅವನ ಚಡ್ಡಿಗಳ ಹೊಲಿಗೆಯನ್ನೆಲ್ಲ ಬಿಚ್ಚಿ ಸೊಂಟಕ್ಕೆ ಸಡಿಲವಾದ ಎಲಾಸ್ಟಿಕ್ ಹೊಲಿದಿದ್ದೇನೆ. ಹಿಂಬದಿಯಲ್ಲಿ ಬೆರಳು ತೂರುವಷ್ಟು ಒಂದು ಬಟ್ಟೆಯ ಕುಣಿಕೆ. ಅದು ಟೀಚರು ಹೇಳಿದ್ದಲ್ಲ, ನನಗೇ ಹೊಳೆದದ್ದು. ಅವರು ನೋಡಿ, "ಇದನ್ನ ನಮ್ಮ ಬೇರೆ ಮಕ್ಕಳಿಗೂ ಹೊಲಿದು ಕೊಡ್ತೀರಾ?" ಎಂದರು. ಹೂಂ ಎಂದೆ.

ಕೊನೆಯ ಎಳೆತ ಈಗ ಅವನದು. ನಾನು ಸೊಂಟದ ತನಕ ತಂದು ಅವನ ಹೆಬ್ಬೆರಳನ್ನು ಕುಣಿಕೆಗೆ ಸಿಕ್ಕಿಸಿ ಸುಮ್ಮನಾಗುತ್ತೇನೆ. ಬಹಳ ಹೊತ್ತು ಏನೂ ಆಗುವುದಿಲ್ಲ. ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ, ತಡೆಯಬೇಕು. ಎಳೆದುಬಿಟ್ಟರೆ ಕ್ಷಣದಲ್ಲಿ ಮುಗಿಯುವ ಕೆಲಸ. ಎಳೆಯದೆ ಇರುವುದೇ ಕಷ್ಟ. ಹಾಗೆ ಕಾಯುವಾಗ ಅವನು ಹಣೆಯನ್ನು ನನ್ನ ಭುಜಕ್ಕೆ ಒರಗಿಸಿ ನಿಲ್ಲುತ್ತಾನೆ. ಬಗ್ಗಲು ಆಸರೆ ಬೇಕಲ್ಲ, ಅದಕ್ಕೆ. ಇಷ್ಟು ವರ್ಷ ಅಪ್ಪಿಕೊಳ್ಳಲು ಹೋದರೆ ಮೈ ಕೊಸರಿಕೊಳ್ಳುತ್ತಿದ್ದ ಹುಡುಗ. ಅವನ ತಲೆ ಇಷ್ಟು ಭಾರ ಎಂದು ಗೊತ್ತಿರಲಿಲ್ಲ.

ಇಂಗ್ಲೆಂಡಿನ ಪರದೆಗೆಂದು ತಂದ ಬಟ್ಟೆ ಹಾಗೇ ಇದೆ. ಹೊಲಿಯಲು ಹೊತ್ತು ಸಿಗುತ್ತಿಲ್ಲ.

ಆಗಸ್ಟ್ ೩೦, ಭಾನುವಾರ

ಇನಾಸ್ ಫೋನ್ ಮಾಡಲಿಲ್ಲ. ಹೋದ ವಾರವೂ ಇಲ್ಲ.

ಝೆಫು ಮೂರು ದಿನದಿಂದ ಕಮೋಡಿನ ಹತ್ತಿರ ಬರುತ್ತಿಲ್ಲ. ಜ್ವರ ಬಂದು ಬಿಟ್ಟ ಮೇಲೆ ಕಲಿತದ್ದೆಲ್ಲ ಮರೆತವನಂತೆ ಆಡುತ್ತಿದ್ದಾನೆ. ಇವತ್ತು ಫೋನಿನ ಪಕ್ಕ ಕೂತಿದ್ದ ನನ್ನ ಕಾಲ ಬಳಿಯೇ ಬಂದು ನಿಂತು ಮಾಡಿದ. ಇಸ್ತ್ರಿ ಮಾಡಿ ಹಾಕಿಕೊಂಡಿದ್ದ ಫ್ರಾಕಿಗೆಲ್ಲ ಸಿಡಿಯಿತು.

ಹೊಡೆದೆ. ತೊಡೆಯ ಮೇಲೆ, ಬೆನ್ನ ಮೇಲೆ. ಅವನು ಅಳಲಿಲ್ಲ. ಕಿವಿ ಮುಚ್ಚಿಕೊಂಡು ಗೋಡೆಗೆ ಅಂಟಿ ನಿಂತ.

ಮಾಂಯ್ ಬಂದು ಅವನನ್ನು ತಮ್ಮ ಹಿಂದಕ್ಕೆ ಎಳೆದುಕೊಂಡರು. ಕೂಗಾಡಲಿಲ್ಲ. "ಹೊಡೆಯೋದಾದ್ರೆ ನನ್ನ ಮಗನ್ನ ಹೊಡಿ. ಅವನು ಕೈಗೆ ಸಿಗಲ್ಲ ಅಂತ ಇವನಿಗೆ ಹೊಡೀತಿದೀಯ" ಎಂದರು.

ಅವನನ್ನು ಅವರೇ ತೊಳೆದರು. ನನಗೆ ಬಚ್ಚಲ ಬಾಗಿಲವರೆಗೂ ಹೋಗಲು ಧೈರ್ಯವಾಗಲಿಲ್ಲ.

ಆಗಸ್ಟ್ ೩೧, ಸೋಮವಾರ

ಬೆರಳ ಗುರುತು ಇನ್ನೂ ಇದೆ.

ಸೆಪ್ಟೆಂಬರ್ ೧೭, ಗುರುವಾರ

ಇವತ್ತಿನದು ಸರಿಯಾಗಿ ಬರೆಯಬೇಕು.

ಬೆಳಗ್ಗೆ ಹೊಲಿಯುತ್ತ ಕೂತಿದ್ದೆ, ಶಾಲೆಯ ಮಕ್ಕಳ ಚಡ್ಡಿಗಳು. ಯಂತ್ರದ ಸದ್ದಿನಲ್ಲಿ ಅವನು ಬಂದದ್ದು ಗೊತ್ತಾಗಲಿಲ್ಲ. ಬಂದವನು ನನ್ನ ಮಣಿಕಟ್ಟು ಹಿಡಿದ. ನನಗೆ ಬಟ್ಟೆ ಜಾರಿ ಹೋಗುತ್ತದೆ ಎಂಬ ಆತುರ, ಕೈ ಬಿಡಿಸಿಕೊಂಡೆ. ಮತ್ತೆ ಹಿಡಿದ. ಹಿಡಿದು, ನನ್ನ ಅಂಗೈಯನ್ನು ತನ್ನ ಕೆಳಹೊಟ್ಟೆಯ ಮೇಲೆ ಇಟ್ಟುಕೊಂಡ. ಒತ್ತಿಕೊಂಡ. ಹೊಟ್ಟೆ ಬಿಗಿದಿತ್ತು. ನನ್ನ ಮುಖ ನೋಡುತ್ತಿರಲಿಲ್ಲ, ಗೋಡೆಯ ಕಡೆ ನೋಡುತ್ತಿದ್ದ. ಆದರೆ ಕೇಳುತ್ತಿದ್ದ. ನನ್ನನ್ನೇ ಕೇಳುತ್ತಿದ್ದ.

ಎದ್ದು ಜೊತೆಗೆ ಹೋದೆ. ಚಡ್ಡಿ ತಾನೇ ಇಳಿಸಿದ. ಮಣೆಯ ಮೇಲೆ ಕಾಲಿಟ್ಟು ಕೂತ. ಆಯಿತು. ಚೆಂಬಿನಿಂದ ತೊಳೆದುಕೊಳ್ಳಲು ಹಿಂದೆ ಕೈ ತಿರುಗಿಸುವುದು ಇನ್ನೂ ಪೂರ್ತಿ ಬಂದಿಲ್ಲ, ಅವನ ಕೈಯ ಮೇಲೆ ನನ್ನ ಕೈ ಇಟ್ಟೆ. ಎದ್ದ. ಎಳೆದುಕೊಂಡ. ಸೋಪಿನಲ್ಲಿ ಕೈ ಉಜ್ಜಿಕೊಳ್ಳುವಾಗ ಮಾತ್ರ ನೊರೆ ನೋಡುತ್ತ ನಿಂತುಬಿಟ್ಟ.

ಹೊರಗೆ ಬಂದಾಗ ಮಾಂಯ್ ಕೇಳಿದರು, "ಯಾಕೆ ಬಾಯ್, ಅಳ್ತಿದೀಯಾ?"

"ಕರೆದ ಮಾಂಯ್. ನನ್ನನ್ನ ಕರೆದ."

"ಏನಂತ?"

ಏನಂತ ಹೇಳಲಿ? ಎಂಟು ವರ್ಷ ನಾನು ಅವನ ಬಾಯಿಂದ ಒಂದು ಮಾತಿಗಾಗಿ ಕಾದೆ. ಅದು ಹೀಗೆ ಕೈಯಲ್ಲಿ ಬಂತು. ಇವತ್ತೆಲ್ಲ ನನ್ನ ಅಂಗೈ ಅಲ್ಲೇ ಇದ್ದ ಹಾಗಿದೆ. ಇನ್ನೊಮ್ಮೆ ಕರೆಯಲಿ ಎಂದು ಕೆಲಸ ಬಿಟ್ಟು ಅವನ ಸುತ್ತಲೇ ಸುಳಿದೆ. ಮಧ್ಯಾಹ್ನ ಕರೆದ. ಸಂಜೆಯೂ ಕರೆದ.

ಅಕ್ಟೋಬರ್ ೪, ಭಾನುವಾರ

ಝೆಫುವಿಗೆ ಸ್ನಾನ ಕಲಿಸುತ್ತಿದ್ದೆ. ಮೈಗೆ ಸೋಪು ತಾನೇ ಹಚ್ಚಿಕೊಳ್ಳುತ್ತಾನೆ, ಆದರೆ ಹೊಟ್ಟೆಗೆ ಮಾತ್ರ, ಬೇರೆಲ್ಲ ಕಡೆ ಮರೆಯುತ್ತಾನೆ. ಫೋನು ರಿಂಗಾಯಿತು. ಈಗ ಯಾರಪ್ಪಾ ಎಂದುಕೊಂಡೆ. ಆಮೇಲೆ ನೆನಪಾಯಿತು ಇವತ್ತು ಭಾನುವಾರ ಎಂದು.

ಇನಾಸನ ದನಿ ಈ ಸಲ ಸ್ಪಷ್ಟವಾಗಿತ್ತು. ಟಿಕೆಟಿನ ಮಾತಾಡಿದ. ಅಲ್ಲಿನ ಚಳಿಗೆ ಕೋಟು ಬೇಕು ಎಂದ. "ನಿನ್ನ ಪಕ್ಕ ಮಲಗಿ ಎಷ್ಟು ಕಾಲ ಆಯ್ತು ಅಂತ ಲೆಕ್ಕ ಹಾಕೋದನ್ನೇ ಬಿಟ್ಟಿದೀನಿ" ಎಂದ. ಸೋಪಿನ ಕೈಯಿಂದ ಜಾರುತ್ತಿದ್ದ ಫೋನನ್ನು ಕಿವಿಗೆ ಒತ್ತಿಕೊಂಡೆ.

"ಕಲಿತನಾ?" ಎಂದು ಕೇಳಿದ.

"ಇನ್ನೂ ಇಲ್ಲ" ಎಂದೆ.

ಫೋನಿಟ್ಟು ತಿರುಗಿದರೆ ಮಾಂಯ್ ನಿಂತಿದ್ದರು. ಅವರ ಹಿಂದೆ ಝೆಫು, ತಾನೇ ಎಳೆದುಕೊಂಡ ಒಣ ಚಡ್ಡಿಯಲ್ಲಿ, ಹೊಟ್ಟೆಯ ಮೇಲೆ ಸೋಪಿನ ನೊರೆ ಹಾಗೇ. ಮಾಂಯ್ ನನ್ನನ್ನು ನೋಡಿದರು, ಅವನನ್ನು ಬಚ್ಚಲಿಗೆ ಕರೆದೊಯ್ದರು.

ಪೂರ್ತಿ ಕಲಿತಿಲ್ಲ ಎಂಬುದು ನಿಜವೇ. ತೊಳೆದುಕೊಳ್ಳುವುದು ಇನ್ನೂ ಬಾಕಿಯಿದೆ. ಅದನ್ನೇ ಹೇಳಿದೆ ನಾನು.

ಅಕ್ಟೋಬರ್ ೨೨, ಗುರುವಾರ

ಇನಾಸನ ಅಣ್ಣ ಮೊದಲೇ ದಿನ ಗೊತ್ತು ಮಾಡಿದ್ದರಿಂದ ಝೆಫುವನ್ನು ಬೆಟ್ಟದ ಮೇಲೆ ಸಿಸ್ಟರುಗಳಿಗೆ ತೋರಿಸಿ ಬಂದೆ. ಒಳ್ಳೆಯ ಜನ. ಮಲಗುವ ಕೋಣೆಯಲ್ಲಿ ಗಾಳಿ ಬೆಳಕು ಚೆನ್ನಾಗಿದೆ. ಒಬ್ಬ ಹುಡುಗಿ ತನ್ನ ತಟ್ಟೆ ತಾನೇ ತೊಳೆಯುತ್ತಿದ್ದಳು. ಹಿರಿಯ ಸಿಸ್ಟರು ಝೆಫುವನ್ನು ಹೆಸರು ಹಿಡಿದು ಮಾತಾಡಿಸಿದರು. ಸಾಲಾಗಿ ಪುಟ್ಟ ಬಾಗಿಲುಗಳ ಕಕ್ಕಸು. ಅವನು ನನ್ನ ಮಣಿಕಟ್ಟು ಹಿಡಿದ. ಒಂದು ಬಾಗಿಲು ತೋರಿಸಿದೆ. ಹೋದ, ಮುಗಿಸಿ ಬಂದ.

"ಇಷ್ಟು ಚೆನ್ನಾಗಿ ಯಾರು ಕಲಿಸಿದ್ರು? ಹೊಸ ವರ್ಷ ಆದ್ಮೇಲೆ ಯಾವಾಗ ಬೇಕಾದ್ರೂ ಕರ್ಕೊಂಡು ಬನ್ನಿ" ಎಂದರು ಸಿಸ್ಟರು.

ನೆಲ ಸ್ವಚ್ಛ, ಅಡುಗೆಮನೆ ಸ್ವಚ್ಛ. ಎಷ್ಟು ನೋಡಿದರೂ ಒಂದು ಕೊರತೆ ಸಿಗಲಿಲ್ಲ. ಬಸ್ಸಿನಲ್ಲಿ ಅವನು ನನಗೆ ಒರಗಿ ನಿದ್ದೆ ಹೋದ. ಇಳಿಯಬೇಕಾದ ಜಾಗ ದಾಟಿ ಹೋಯಿತು, ಎಬ್ಬಿಸಲು ಮನಸ್ಸಾಗದೆ ಮುಂದಿನ ಊರಿನವರೆಗೆ ಹೋಗಿ ನಡೆದುಕೊಂಡು ಬಂದೆವು.

ನವೆಂಬರ್ ೧೨, ಗುರುವಾರ

ತೊಳೆದುಕೊಳ್ಳುವುದೂ ಬಂತು.

ಡಿಸೆಂಬರ್ ೨೦, ಭಾನುವಾರ

ಇನಾಸ್ ಬಂದ. ನಿನ್ನೆ. ತಲೆಯಲ್ಲಿ ಬಿಳಿ ಕೂದಲು ಬಂದಿದೆ, ಫೋನಿನಲ್ಲಿ ಅದು ಹೇಗೆ ಗೊತ್ತಾಗಬೇಕು. ಬಾಗಿಲಲ್ಲಿ ನನ್ನನ್ನು ನೋಡಿ ಪೆಟ್ಟಿಗೆ ಕೆಳಗಿಡುವುದನ್ನೂ ಮರೆತು ನಿಂತ. ಮಾಂಯ್, "ಒಳಗೆ ಬಾರೋ, ನಿನ್ನ ಮನೆಯೇ ಇದು" ಎಂದರು.

ಝೆಫು ಮಂಚದ ಕೆಳಗೆ ಸೇರಿಕೊಂಡವನು ಹೊರಗೇ ಬರಲಿಲ್ಲ. ನೋಡಿದರೆ ಅಲ್ಲೇ ಒದ್ದೆ ಮಾಡಿಕೊಂಡಿದ್ದ. ಇವತ್ತೂ ಎರಡು ಸಲ.

"ಪರವಾಗಿಲ್ಲ ಬಿಡು" ಎಂದ ಇನಾಸ್ ಬೇಸರದಿಂದ. "ಇನ್ನೂ ಇಲ್ಲ ಅಂತ ನೀನು ಮೊದಲೇ ಹೇಳಿದ್ಯಲ್ಲ."

ನಾನು ನೆಲ ಒರೆಸುತ್ತ ತಲೆ ತಗ್ಗಿಸಿದೆ. ನನಗೆ ಆಗ ಅನಿಸಿದ್ದು ನಿರಾಳ. ನನ್ನ ಮಗ ಸೋತದ್ದಕ್ಕೆ ನಿರಾಳ. ನಾನೆಂಥ ತಾಯಿ?

ಇನಾಸ್ ಈಗ ನನ್ನ ಪಕ್ಕದಲ್ಲಿ ಮಲಗಿದ್ದಾನೆ, ಉಸಿರು ಕೇಳುತ್ತಿದೆ. ಇಷ್ಟು ಹತ್ತಿರ ಇದ್ದೂ ಇನ್ನೂ ಅವನು ಬರಲಿ ಬರಲಿ ಎಂದು ಕಾಯುತ್ತಿರುವ ಹಾಗಿದೆ ನನಗೆ.

ಡಿಸೆಂಬರ್ ೨೭, ಭಾನುವಾರ

ಊಟಕ್ಕೆ ಕೂತಿದ್ದೆವು. ಝೆಫು ಎದ್ದ. ನನ್ನ ಕೈ ಹಿಡಿಯಲಿಲ್ಲ, ಅದರಲ್ಲಿ ಅನ್ನವಿತ್ತಲ್ಲ. ನೇರ ಹೋದ. ಚೆಂಬಿನ ಸದ್ದು, ನೀರಿನ ಸದ್ದು. ಚಡ್ಡಿ ಎಳೆದುಕೊಳ್ಳುತ್ತ ಬಂದು ಕೈ ತೊಳೆದು ತನ್ನ ತಟ್ಟೆಯ ಮುಂದೆ ಕೂತ.

ಇನಾಸ್ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ.

"ಯಾವಾಗಿಂದ?"

"ಸೆಪ್ಟೆಂಬರಿಂದ."

ಮಾಂಯ್ ತಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

"ಅಕ್ಟೋಬರಲ್ಲಿ ಕೇಳಿದೆ. ನವೆಂಬರಲ್ಲಿ ಕೇಳಿದೆ. ನಾನು ಅಲ್ಲಿ ಕ್ಯಾಲೆಂಡರ್ ನೋಡ್ಕೊಂಡು ಕೂತಿದ್ರೆ ನೀನು..."

"ಹೌದು" ಎಂದೆ.

"ಯಾಕೆ?"

"ಗೊತ್ತಿಲ್ಲ ಇನಾಸ್. ಕಳಿಸೋಕೆ ಅಂತಾನೇ ಕಲಿಸೋಕೆ ಹೊರಟೆ. ದೇವರಾಣೆ, ನಿನ್ನ ಹತ್ರ ಬರೋಕೇ ಶುರು ಮಾಡಿದ್ದು. ಕಲಿಸ್ತಾ ಕಲಿಸ್ತಾ..."

ಝೆಫುವಿನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದೆ. ಇನಾಸ್ ಅದನ್ನೇ ನೋಡಿದ.

"ನನಗೆ ನೀನು ಬೇಕು ಕ್ಲಾವ್ದಿನ್" ಎಂದ.

"ನನಗೂ ನೀನು ಬೇಕು. ಬೇಡ ಅಂತ ಒಂದು ದಿನಾನೂ ಅನ್ನಿಸಿಲ್ಲ. ಆದ್ರೆ ಇವನನ್ನ ಬಿಟ್ಟು ಬರಲ್ಲ."

ಬಾಯಿಂದ ಬಂದ ಮೇಲೆ ನನಗೇ ಗೊತ್ತಾಯಿತು ಅದು ಒಳಗಿತ್ತೆಂದು. ಅವನು ಎದ್ದು ನದಿಯ ಕಡೆ ಹೋದ. ಸಂಜೆ ಬಂದ. ಕುಡಿದಿರಲಿಲ್ಲ.

ಜನವರಿ ೫, ಮಂಗಳವಾರ

ಮಾತು ಕಡಿಮೆ. ಹಾಸಿಗೆಯ ನಡುವೆ ಒಂದು ಹಡಗು ಹಾಯುವಷ್ಟು ಜಾಗ.

ಜನವರಿ ೧೬, ಶನಿವಾರ

ಬೆಳಗ್ಗೆ ಎದ್ದು ನೋಡಿದರೆ ಕಕ್ಕಸಿನ ಕಿಟಕಿಯ ಮೇಲೆ ಒಂದು ಆನೆ. ಟವೆಲು ಮಡಿಸಿ ಮಾಡಿದ್ದು, ಸೊಂಡಿಲು, ಕಿವಿ ಎಲ್ಲ. ಹಡಗಿನಲ್ಲಿ ಪ್ರಯಾಣಿಕರ ಹಾಸಿಗೆಯ ಮೇಲೆ ಇಂಥವನ್ನು ಮಾಡಿಡುವುದೂ ಇನಾಸನ ಕೆಲಸವಂತೆ. ಇಷ್ಟು ವರ್ಷದಲ್ಲಿ ನಾನು ಒಂದನ್ನೂ ನೋಡಿರಲಿಲ್ಲ.

ಝೆಫು ಕೂತ ಹೊತ್ತೆಲ್ಲ ಆನೆಯನ್ನೇ ನೋಡಿದ. ಎದ್ದವನು ಅದನ್ನು ಬಕೆಟ್ಟಿಗೆ ಹಾಕಿದ. ಆನೆ ಬಿಚ್ಚಿ ಟವೆಲಾಯಿತು. ಇನಾಸ್ ಹಿಂಡಿ ಮತ್ತೆ ಮಾಡಿದ. ಇವನು ಮತ್ತೆ ಮುಳುಗಿಸಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆಯೇ ಬಹಳ ಹೊತ್ತು ಈ ಆಟ ಆಡಿದರು.

"ನಿನ್ನ ಮಗ ಗಿರಾಕಿಗಳಿಗಿಂತ ಕಷ್ಟ" ಎಂದ ಇನಾಸ್ ನನ್ನನ್ನು ಕಂಡು. ಅಂಗಿ ಪೂರ್ತಿ ಒದ್ದೆ. ಮನೆಗೆ ಬಂದ ಮೇಲೆ ಅವನು ನಕ್ಕದ್ದು ಇವತ್ತೇ.

ಜನವರಿ ೨೭, ಬುಧವಾರ

ಝೆಫುವಿಗೆ ಹೊಟ್ಟೆ ಕೆಟ್ಟಿತ್ತು. ನಾನು ಮಡಗಾಂವಿನ ಶಾಲೆಗೆ ಚಡ್ಡಿ ಕೊಡಲು ಹೋಗಿದ್ದೆ, ಮಾಂಯ್ ಮೀನಿಗೆ ಹೋಗಿದ್ದರು. ಬಂದು ನೋಡಿದರೆ ಹಗ್ಗದ ಮೇಲೆ ಝೆಫುವಿನ ಬಟ್ಟೆ, ಹಾಸಿಗೆಯ ಹೊದಿಕೆ, ಎಲ್ಲ ಒಗೆದು ಹಾಕಿದೆ. ಬಚ್ಚಲು ಹೊಳೆಯುತ್ತಿದೆ. ಇನಾಸ್ ಜಗಲಿಯಲ್ಲಿ ಕೂತಿದ್ದ, ಪಕ್ಕದಲ್ಲಿ ಝೆಫು ಅವನ ಅಂಗಿ ತೊಟ್ಟುಕೊಂಡು.

ಅವನೇ ಹೇಳಿದ, "ನನ್ನ ಕೈ ಹಿಡ್ಕೊಂಡ. ಹೊಟ್ಟೆ ಮೇಲೆ ಇಟ್ಕೊಂಡ. ನೀನು ಹೇಳಿದ್ಯಲ್ಲ, ಹಾಗೇನೆ." ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಹೋಗೋವಷ್ಟರಲ್ಲಿ ತಡವಾಯ್ತು. ಪಾಪ, ನಾಚಿಕೊಂಡ ಕ್ಲಾವ್ದಿನ್. ಅವನಿಗೆ ನಾಚಿಕೆ ಆಗತ್ತೆ ಅಂತ ನನಗೆ ಗೊತ್ತಿರಲಿಲ್ಲ."

ಅವನ ಬೆರಳ ಸಂದಿಗಳಿಗೆ ಎಣ್ಣೆ ಹಚ್ಚಿದೆ.

ಫೆಬ್ರವರಿ ೨, ಮಂಗಳವಾರ

ಟಿಕೆಟು ಬದಲಾಗುವಂತಿಲ್ಲ. ಕೆಲಸ ಒಪ್ಪಿಕೊಂಡಾಗಿದೆ. ಒಬ್ಬನೇ ಹೋಗುತ್ತಾನೆ. ಅಲ್ಲಿ ಇಂಥ ಮಕ್ಕಳ ಶಾಲೆ ಹೇಗಿದೆ, ಇನ್ನೊಂದು ಕೋಣೆ ಸಿಗುತ್ತದೆಯೇ ನೋಡುತ್ತೇನೆ ಎಂದ. ಹೂಂ ಎಂದೆ. ನೋಡುತ್ತಾನೆ, ಅದು ಗೊತ್ತು. ಸಿಗುತ್ತದೋ ಇಲ್ಲವೋ ಗೊತ್ತಿಲ್ಲ.

ಹಾಸಿಗೆಯ ನಡುವಿನ ಆ ಜಾಗ ಇವತ್ತಿಲ್ಲ. ಹೊರಡುವ ಹಿಂದಿನ ದಿನ.

ಫೆಬ್ರವರಿ ೩, ಬುಧವಾರ

ದಾಬೊಳಿಯ ವಿಮಾನ ನಿಲ್ದಾಣದವರೆಗೆ ಕಾರಿನಲ್ಲಿ ಹೋದೆವು. ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ಝೆಫುವನ್ನು ಇನಾಸ್ ಇಳಿಸಿಕೊಂಡು ಹೋದ. ನಾನು ಕಾರಿನಲ್ಲೇ ಕೂತಿದ್ದೆ, ಯಾರೋ ದೊಡ್ಡ ಮನೆಯ ಹೆಂಗಸಿನ ಹಾಗೆ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಇನಾಸ್ ಝೆಫುವಿನ ತಲೆಯ ಮೇಲೆ ಕೈಯಿಟ್ಟ. ಅವನು ಕೊಸರಿಕೊಳ್ಳಲಿಲ್ಲ, ನೋಡಲೂ ಇಲ್ಲ. ಇನಾಸ್ ನನ್ನನ್ನು ಅಪ್ಪಿಕೊಂಡು ಬಹಳ ಹೊತ್ತು ನಿಂತ. "ಭಾನುವಾರ" ಎಂದ. ಗಾಜಿನ ಬಾಗಿಲು ಮುಚ್ಚಿದ ಮೇಲೆ ಒಳಗಿನವರೆಲ್ಲ ಒಂದೇ ರೀತಿ ಕಾಣುತ್ತಾರೆ. ಅವನ ಬೆನ್ನು ಯಾವುದೆಂದು ಹುಡುಕುತ್ತಿರುವಾಗಲೇ ಅವನು ಇರಲಿಲ್ಲ.

ಬರುವಾಗ ಬಸ್ಸು. ಮಡಗಾಂವಿನ ನಿಲ್ದಾಣದಲ್ಲಿ ಇನ್ನೊಂದು ಬಸ್ಸಿಗೆ ಕಾಯುತ್ತಿದ್ದಾಗ ಝೆಫು ನನ್ನ ಮಣಿಕಟ್ಟು ಹಿಡಿದ. ಹೆಂಗಸರ ಕಡೆಗೆ ಕರೆದೊಯ್ದೆ. ಬಾಗಿಲಲ್ಲೇ ಒಬ್ಬಳು ಅಡ್ಡ ಬಂದಳು. "ಇಷ್ಟು ದೊಡ್ಡ ಹುಡುಗನ್ನ ಇಲ್ಲಿಗೆ ತರ್ತೀಯಲ್ಲ ಬಾಯ್. ಒಳಗೆ ಹೆಣ್ಣುಮಕ್ಕಳಿದಾರೆ. ಗಂಡಸರ ಕಡೆ ಕಳಿಸು."

"ಅವನಿಗೆ ಮಾತು ಬರಲ್ಲ" ಎಂದೆ.

"ಅಲ್ಲಿ ಮಾತಾಡೋದೇನಿದೆ?"

ಅವಳು ಕೆಟ್ಟದಾಗಿ ಹೇಳಲಿಲ್ಲ. ಅವನ ಭುಜ ಈಗ ನನ್ನ ಎದೆಯವರೆಗೆ ಬಂದಿದೆ. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಗಂಡಸರ ಬಾಗಿಲಿಗೆ ಕರೆದೊಯ್ದೆ. ಒಳಗೆ ಕತ್ತಲೆ, ಕೆಟ್ಟ ವಾಸನೆ, ಬರುವವರು ಹೋಗುವವರು. ಒಳಗೆ ಹೋಗುವ ಹಾಗಿಲ್ಲ ನಾನು. ಅವನು ನನ್ನ ಕೈ ಬಿಡಲಿಲ್ಲ. ನಾನೇ ಬಿಡಿಸಿದೆ. ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿದೆ. ಹೊಸ್ತಿಲಲ್ಲಿ ನಿಂತ. ಆಮೇಲೆ ಹೋದ.

ಗೋಡೆಗೆ ಒರಗಿ ನಿಂತೆ. ಅಲ್ಲಿ ಮಣೆಯಿಲ್ಲ. ಚೆಂಬಿದೆಯೋ ಇಲ್ಲವೋ. ಯಾರಾದರೂ ಏನಾದರೂ ಕೇಳಿದರೆ, ಬೈದರೆ, ಕೈ ಹಿಡಿದು ಎಳೆದರೆ ಅವನು ಯಾರ ಅಂಗೈಯನ್ನು ಎಲ್ಲಿ ಇಟ್ಟುಕೊಳ್ಳಬೇಕು? ಒಬ್ಬ ಹೊರಗೆ ಬಂದ. ಇನ್ನೊಬ್ಬ ಬಂದ. ನಮ್ಮ ಬಸ್ಸು ಬಂದು ಜನ ಹತ್ತಿಸಿಕೊಂಡು ಹೋಯಿತು. ಒಳಗಿನಿಂದ ಫ್ಲಶ್ಶಿನ ಸದ್ದು ಬಂದಾಗ ನನ್ನ ಕಾಲು ತಾನಾಗಿ ಹೊಸ್ತಿಲಿನವರೆಗೆ ಹೋಯಿತು. ಕಿರುಚಾಟ ಕೇಳಿಸಲಿಲ್ಲ. ಕೂಗಿ ಕರೆಯಬೇಕು ಅನಿಸಿತು. ಕರೆದರೆ ಅರ್ಧಕ್ಕೇ ಎದ್ದು ಬಂದುಬಿಟ್ಟಾನು. ಬಾಯಿ ಮುಚ್ಚಿಕೊಂಡು ನಿಂತೆ. ಅವನನ್ನು ಹೆತ್ತಾಗಲೂ ಇಷ್ಟು ಹೊತ್ತು ಹಿಡಿದಿರಲಿಲ್ಲ ಅನಿಸಿತು.

ಬಂದ. ಚಡ್ಡಿ ಮೇಲಿತ್ತು. ಅಂಗಿಯ ಒಂದು ತುದಿ ಒಳಗೆ, ಒಂದು ಹೊರಗೆ. ಕೈಗಳನ್ನು ಮುಂದೆ ಚಾಚಿಕೊಂಡಿದ್ದ, ನೀರು ತೊಟ್ಟಿಕ್ಕುತ್ತಿತ್ತು. ನೇರ ನನ್ನ ಬಳಿ ಬಂದು ಅವನ್ನು ನನ್ನ ಫ್ರಾಕಿಗೆ ಒರೆಸಿದ, ಮೊದಲು ಒಂದು ಬದಿ, ಆಮೇಲೆ ಇನ್ನೊಂದು ಬದಿ. ಒರೆಸಿ ಬಸ್ಸುಗಳ ಕಡೆ ತಿರುಗಿದ.

ಮನೆಗೆ ಬಂದಾಗ ಮಾಂಯ್ ಬಾಗಿಲಲ್ಲೇ ಕೇಳಿದರು, "ಹೋದನಾ?"

"ಒಬ್ಬನೇ ಹೋದ ಮಾಂಯ್. ಎಲ್ಲಾ ಮಾಡ್ಕೊಂಡು, ಕೈ ತೊಳ್ಕೊಂಡು ಬಂದ."

"ಯಾರು, ಇನಾಸಾ?"

"ಅಲ್ಲ, ಝೆಫು."

ಮಾಂಯ್ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಊಟಕ್ಕೆ ಕರೆದರು. ಮೇಜಿನ ಮೇಲೆ ನಾಲ್ಕು ತಟ್ಟೆ ಹಾಕಿದ್ದರು. ಅವರು ನಾಲ್ಕನೆಯ ತಟ್ಟೆಯನ್ನು ನೋಡಿದರು, ನಾನೂ ನೋಡಿದೆ. ಇಬ್ಬರೂ ಅದನ್ನು ತೆಗೆಯಲಿಲ್ಲ.